ಲೇಬರ್ ವಾರ್ಡಿನಲ್ಲಿ ಜೊತೆಗೆ ಯಾರು?

ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ನಮ್ಮ ಸಂಘದ ಒಬ್ಬಿಬ್ಬರು ಹೆಣ್ಣುಮಕ್ಕಳು ಚೊಚ್ಚಲ ಹೆರಿಗೆಗೆ ಬೆಂಗಳೂರಿನ ತವರು ಸೇರಿರುತ್ತಾರೆ. ಡಾಕ್ಟರು ಯಾರು, ಬಾಣಂತನ ಯಾರು ಮಾಡುತ್ತಾರೆ, ತೊಟ್ಟಿಲು ಎಲ್ಲಿಂದ, ಎಲ್ಲಾ ಚರ್ಚೆ ಆಗಿರುತ್ತದೆ. ನೋವು ತಿನ್ನುವಾಗ ಪಕ್ಕದಲ್ಲಿ ಯಾರಿರಬೇಕು ಅನ್ನುವುದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಅಮ್ಮ ಇದ್ದಾಳಲ್ಲ, ಅಂತ ಮುಗಿಸಿಬಿಡುತ್ತೇವೆ.

ಎಲ್ಲ ಅಮ್ಮಂದಿರಿಗೂ ಅದು ಆಗುವ ಕೆಲಸವಲ್ಲ. ನನ್ನ ಸ್ನೇಹಿತೆಯ ಮಗಳ ಹೆರಿಗೆಯಲ್ಲಿ ಅಮ್ಮ ಒಳಗೆ ಹೋದವಳೇ ಮಗಳ ಮುಖ ನೋಡಿ ತಾನೇ ಅಳಲು ಶುರು ಮಾಡಿದಳು. "ಅಮ್ಮಾ, ನೀವು ಸ್ವಲ್ಪ ಹೊರಗೆ ಕೂತ್ಕೊಳಿ" ಅಂದರು ನರ್ಸ್. ಆಮೇಲೆ ಹೋದವರು ಚಿಕ್ಕಮ್ಮ. ಬ್ಯಾಂಕಿನಲ್ಲಿ ಕೆಲಸ, ಮಾತು ಕಮ್ಮಿ. ನೋವು ಬಂದಾಗ ಸೊಂಟದ ಕೆಳಗೆ ಅಂಗೈ ಊರಿ ಗಟ್ಟಿಯಾಗಿ ಒತ್ತುವುದು. ಹೋದಾಗ ಒಂದು ಗುಟುಕು ನೀರು. "ಬರ್ಲಿ ಬಿಡು, ಹೋಗತ್ತೆ." ರಾತ್ರಿಯಿಡೀ ಇಷ್ಟೇ. ಆ ಹುಡುಗಿ ಈಗಲೂ ಡಾಕ್ಟರಿಗಿಂತ ಮೊದಲು ಚಿಕ್ಕಮ್ಮನನ್ನು ನೆನೆಯುತ್ತಾಳೆ.

ಹಿಂದೆ ಮಗು ಹಿಡಿಯುವುದೂ ಧೈರ್ಯ ಹೇಳುವುದೂ ಸೂಲಗಿತ್ತಿಯದೇ ಕೆಲಸ. ಪಾವಗಡದ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಇಂಥ ಸೇವೆಗೇ. ಹೆರಿಗೆ ಆಸ್ಪತ್ರೆಗೆ ಬಂದ ಮೇಲೆ ಎಷ್ಟೋ ಜೀವ ಉಳಿದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಧೈರ್ಯ ಹೇಳುವ ಕೆಲಸ ಯಾರ ಪಾಲಿಗೂ ಸರಿಯಾಗಿ ಬರಲಿಲ್ಲ. ಮೂರು-ನಾಲ್ಕು ಹಾಸಿಗೆ ನೋಡಿಕೊಳ್ಳುವ ನರ್ಸ್ ಒಬ್ಬಳ ಪಕ್ಕದಲ್ಲೇ ಎಷ್ಟು ಹೊತ್ತು ಕೂರಲು ಸಾಧ್ಯ?

ಜೊತೆಗೊಬ್ಬರು ಇರಬೇಕು ಅನ್ನುವುದು ಸುಮ್ನೆ ಸಮಾಧಾನದ ಮಾತಲ್ಲ. 15 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲಿನ ಅಧ್ಯಯನಗಳನ್ನು ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2017ರ ವರದಿ ಒಟ್ಟಿಗೆ ನೋಡಿತು. ನೋವಿನುದ್ದಕ್ಕೂ ಜೊತೆಗೊಬ್ಬರು ಇದ್ದ ಕಡೆ ಸಹಜ ಹೆರಿಗೆ ಜಾಸ್ತಿ, ಸಿಸೇರಿಯನ್ ಕಮ್ಮಿ. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳಿತು: ಜೊತೆಗೊಬ್ಬರು ಇರಲಿ, ಅವರು ಯಾರೆಂದು ಹೆರುವವಳೇ ಆರಿಸಲಿ. ಎರಡನೆಯ ಮಾತನ್ನು ಬೀಗರಿಬ್ಬರೂ ಕೂತು ಓದಿಕೊಂಡರೆ ಒಳ್ಳೆಯದು. ಅತ್ತೆಗೆ ಬೇಜಾರಾಗುತ್ತದೆ ಅಂತ ಅತ್ತೆಯನ್ನು ಒಳಗೆ ಕಳಿಸುವುದು ಮರ್ಯಾದೆಯ ಲೆಕ್ಕ, ಹೆರಿಗೆಯ ಲೆಕ್ಕ ಅಲ್ಲ.

ಸರ್ಕಾರಿ ಆಸ್ಪತ್ರೆಗಳಲ್ಲೂ ಜೊತೆಗೊಬ್ಬರನ್ನು ಬಿಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಸೂಚಿಸಿದೆ. ಹೆಂಗಸಾಗಿರಬೇಕು, ಹೆತ್ತ ಅನುಭವ ಇದ್ದರೆ ಮೇಲು. ಮರೆಗೆ ವ್ಯವಸ್ಥೆ ಇರುವ ಕಡೆ ಗಂಡನೂ ಇರಬಹುದು. ಖಾಸಗಿ ಆಸ್ಪತ್ರೆಗಳಲ್ಲಿ ಒಂದೊಂದು ಕಡೆ ಒಂದೊಂದು ನಿಯಮ. ಹೆಸರು ಬರೆಸುವಾಗಲೇ ಕೇಳಿ: ಗಂಡನ ಜೊತೆ ಡೌಲಾ (ಹೆರಿಗೆಯ ಹೊತ್ತಿನಲ್ಲಿ ಪಕ್ಕದಲ್ಲಿದ್ದು ಧೈರ್ಯ ಹೇಳಲು ತರಬೇತಿ ಪಡೆದವರು) ಕೂಡ ಇರಬಹುದಾ? ಎಪಿಡ್ಯೂರಲ್ (ನೋವು ತಗ್ಗಿಸಲು ಬೆನ್ನಿಗೆ ಕೊಡುವ ಇಂಜೆಕ್ಷನ್) ಕೊಡುವಾಗ ಹೊರಗೆ ಕಳಿಸುತ್ತೀರಾ? ಸಿಸೇರಿಯನ್ ಆದರೆ ಆಪರೇಷನ್ ಥಿಯೇಟರ್ ಒಳಗೆ ಬಿಡುತ್ತೀರಾ? ದುಡ್ಡು ಕೊಟ್ಟು ಡೌಲಾ ಗೊತ್ತುಮಾಡುವವರು ಒಂದು ವಿಷಯ ನೆನಪಿಡಿ. ಅವರು ಮಗು ಹಿಡಿಯುವವರಲ್ಲ, ಔಷಧಿ ಕೊಡುವವರೂ ಅಲ್ಲ.

ಇನ್ನು ಬೆಂಗಳೂರಿನ ಟ್ರಾಫಿಕ್. ಎಷ್ಟೇ ಗಟ್ಟಿಗಿತ್ತಿಯಾದರೂ ವೈಟ್‌ಫೀಲ್ಡ್‌ನಲ್ಲಿರುವ ಅಕ್ಕ ಸಂಜೆ ಆರಕ್ಕೆ ಹೊರಟು ಬಸವನಗುಡಿ ಮುಟ್ಟುವುದು ಯಾವಾಗ? ಹತ್ತಿರದಲ್ಲಿ ಇನ್ನೊಬ್ಬರನ್ನೂ ಹೇಳಿಟ್ಟುಕೊಳ್ಳಿ. ಹೆಂಡತಿಯನ್ನು ತವರಿಗೆ ಕಳಿಸಿ ಆಮೇಲೆ ಇಲ್ಲಿಂದ ಬೆಂಗಳೂರಿಗೆ ಹೊರಡುವ ಗಂಡಂದಿರಿಗೂ ಒಂದು ಮಾತು. ಡಾಕ್ಟರು ಕೊಟ್ಟ ತಾರೀಖಿಗೇ ಸರಿಯಾಗಿ ಹುಟ್ಟುವ ಮಕ್ಕಳು ಬಹಳ ಕಮ್ಮಿ. ಟಿಕೆಟ್ ಎರಡು ವಾರ ಮುಂಚೆಯೇ ತೆಗೆಯಿರಿ, ರಜೆಯ ಬಗ್ಗೆ ಮ್ಯಾನೇಜರ್ ಹತ್ತಿರ ಈಗಲೇ ಮಾತಾಡಿ.