ಗೆಳೆಯನಿಗೊಂದು ಪತ್ರ: ಬುಟಾರೆಯಲ್ಲಿ ನರಮೇಧ ಎರಡು ವಾರ ಯಾಕೆ ತಡವಾಯಿತು

ಪ್ರೀತಿಯ ಗೆಳೆಯಾ,

ಆಫ್ರಿಕಾದ ರುವಾಂಡದಲ್ಲಿ 1994ರಲ್ಲಿ ನಡೆದ ಟುಟ್ಸಿಗಳ ನರಮೇಧದ ಮಾತು ಬಂದಾಗ ನೀನು ಅಂದೆಯಲ್ಲ, ಅಲ್ಲಿಯ ಹುಟು, ಟುಟ್ಸಿ ಎಂಬ ಎರಡು ಜನಾಂಗದವರು ಮೊದಲಿನಿಂದಲೂ ಕಚ್ಚಾಡುವವರೇ, ಆಗ ಅದು ಕೈಮೀರಿತು ಅಷ್ಟೇ ಅಂತ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹಳೇ ಜಗಳ ಅಂದುಬಿಟ್ಟರೆ ಅದನ್ನು ಕೂತು ಯೋಚಿಸಿ ಮಾಡಿಸಿದವರೆಲ್ಲ ಸಲೀಸಾಗಿ ತಪ್ಪಿಸಿಕೊಳ್ಳುತ್ತಾರೆ.

ಎರಡೂ ಕಡೆಯವರು ಆಡುವುದು ಒಂದೇ ಕಿನ್ಯಾರ್ವಾಂಡ ಭಾಷೆ. ಒಂದೇ ಗುಡ್ಡದ ಮೇಲೆ ಅಕ್ಕಪಕ್ಕದ ಮನೆ, ಒಂದೇ ಚರ್ಚು, ಈ ಮನೆಯ ಮಗಳು ಆ ಮನೆಯ ಸೊಸೆ. ವ್ಯತ್ಯಾಸವೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ರಾಜ, ಅವನ ಸುತ್ತಲಿನ ದೊಡ್ಡವರು, ದನ ಜಾಸ್ತಿ ಇದ್ದವರು ಟುಟ್ಸಿಗಳು. ಹೊಲ ಉಳುವವರು ಹೆಚ್ಚಾಗಿ ಹುಟುಗಳು. ಬಡ ಟುಟ್ಸಿಗಳೂ ಬೇಕಾದಷ್ಟು ಇದ್ದರು. ಆ ಗೆರೆಯನ್ನು ಅಳಿಸಲಾರದ ಹಾಗೆ ಗಟ್ಟಿ ಮಾಡಿದ್ದು ಆಗ ದೇಶ ಆಳುತ್ತಿದ್ದ ಬೆಲ್ಜಿಯಂನವರು. 1930ರ ದಶಕದಲ್ಲಿ ಗುರುತಿನ ಚೀಟಿ ಕೊಟ್ಟು ಅದರ ಮೇಲೆ ಹುಟು, ಟುಟ್ಸಿ, ಇಲ್ಲವೇ ಟ್ವಾ (ಮೂರನೆಯ ಸಣ್ಣ ಗುಂಪು) ಅಂತ ಬರೆದರು. ಅಪ್ಪನದು ಯಾವುದೋ ಮಕ್ಕಳದೂ ಅದೇ. ಮೊದಲು ಟುಟ್ಸಿ ಮುಖಂಡರ ಕೈಯಿಂದಲೇ ಹುಟುಗಳ ಹತ್ತಿರ ತೆರಿಗೆ, ಬಿಟ್ಟಿ ದುಡಿಮೆ ಎಲ್ಲ ವಸೂಲಿ ಮಾಡಿಸಿದರು. ಆಮೇಲೆ ಟುಟ್ಸಿಗಳು ಸ್ವಾತಂತ್ರ್ಯ ಕೇಳತೊಡಗಿದಾಗ ಹುಟುಗಳ ಕಡೆ ತಿರುಗಿದರು. ಹುಟುಗಳ ಸಿಟ್ಟಿಗೆ ಕಾರಣ ಇತ್ತು, ಅದನ್ನು ಒಪ್ಪಲೇಬೇಕು. ಆದರೆ 1959ರಿಂದ ಆ ಸಿಟ್ಟು ತಿರುಗಿದ್ದು ಎಲ್ಲ ಟುಟ್ಸಿಗಳ ಮೇಲೆ, ಸಾವಿರಾರು ಮಂದಿ ಉಗಾಂಡ, ಬುರುಂಡಿಗೆ ಓಡಿದರು. 1962ರಲ್ಲಿ ದೇಶ ಸ್ವತಂತ್ರವಾಯಿತು. ಚೀಟಿ ಮಾತ್ರ ಹಾಗೇ ಉಳಿಯಿತು.

ಹಾಗೆ ಓಡಿದವರ ಮಕ್ಕಳು 1990ರ ಅಕ್ಟೋಬರಿನಲ್ಲಿ ಆರ್‌ಪಿಎಫ್ ಎಂಬ ಸೈನ್ಯ ಕಟ್ಟಿಕೊಂಡು ಉಗಾಂಡದಿಂದ ಒಳನುಗ್ಗಿದರು. ಅಷ್ಟರಲ್ಲಿ ಕಾಫಿ ಬೆಲೆ ಕುಸಿದು ದೇಶ ಸೋತಿತ್ತು, ಜಮೀನು ಸಾಲುತ್ತಿರಲಿಲ್ಲ. 1993ರಲ್ಲಿ ಟಾಂಜಾನಿಯಾದ ಅರುಷಾದಲ್ಲಿ ಸರ್ಕಾರಕ್ಕೂ ಅವರಿಗೂ ಒಪ್ಪಂದ ಆಯಿತು, ಅಧಿಕಾರ ಹಂಚಿಕೊಳ್ಳಬೇಕು ಅಂತ. ಹಂಚಿಕೊಳ್ಳಲು ಮನಸ್ಸಿಲ್ಲದ, ಸರ್ಕಾರದ ಕಡೆಯ ಹುಟು ಉಗ್ರರು ಇಂಟರಹಾಮ್ವೆ ಎಂಬ ಪಡೆಯ ಹುಡುಗರಿಗೆ ತರಬೇತಿ ಕೊಟ್ಟರು, ಮಚ್ಚುಗಳನ್ನು ತರಿಸಿದರು, ಆರ್‌ಟಿಎಲ್‌ಎಂ ಅನ್ನುವ ರೇಡಿಯೋ ಶುರು ಮಾಡಿದರು. ಒಳ್ಳೆ ಹಾಡು, ನಡುನಡುವೆ ಟುಟ್ಸಿಗಳೆಂದರೆ ಜಿರಲೆಗಳು ಅನ್ನುವ ಮಾತು. 1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನನ ವಿಮಾನವನ್ನು ಯಾರೋ ಹೊಡೆದುರುಳಿಸಿದರು. ಮರುದಿನ ಬೆಳಗ್ಗೆಯೇ ಪ್ರಧಾನಿ ಅಗಾಥೆ ಉವಿಲಿಂಗಿಯಿಮಾನರನ್ನು ಕೊಂದರು. ಆಕೆ ಹುಟು, ನೆನಪಿರಲಿ. ಅಡ್ಡ ಬರುವ ಹುಟುಗಳನ್ನು ಮೊದಲೇ ಮುಗಿಸಬೇಕಿತ್ತು ಆ ಉಗ್ರರಿಗೆ. ಟುಟ್ಸಿಗಳ ಹತ್ಯೆ ಶುರುವಾದದ್ದು ಹೀಗೆ.

ಈಗ ನಿನ್ನ ಮಾತಿಗೆ ಬರುತ್ತೇನೆ. ದಕ್ಷಿಣದ ಬುಟಾರೆ ಪ್ರಾಂತ್ಯದಲ್ಲಿ ಟುಟ್ಸಿಗಳು ಜಾಸ್ತಿ, ಬೆರಕೆ ಸಂಸಾರಗಳೂ ಜಾಸ್ತಿ. ಹಳೇ ದ್ವೇಷವೇ ಕಾರಣವಾಗಿದ್ದರೆ ಅಲ್ಲೇ ಮೊದಲು ಹೊತ್ತಿಕೊಳ್ಳಬೇಕಿತ್ತು, ಅಲ್ವಾ? ಹಾಗಾಗಲಿಲ್ಲ. ಅಂಚಿನ ಕೆಲವು ಊರು ಬಿಟ್ಟರೆ ಸುಮಾರು ಎರಡು ವಾರ ಅಲ್ಲಿ ದೊಡ್ಡ ಕೊಲೆಗಳು ನಡೆಯಲಿಲ್ಲ, ಯಾಕೆಂದರೆ ಪ್ರಾಂತ್ಯದ ಮುಖ್ಯಾಧಿಕಾರಿ ಜ್ಯಾಂ-ಬಾಪ್ಟಿಸ್ಟ್ ಹಬ್ಯಲಿಮಾನ ಬಿಡಲಿಲ್ಲ. ದೇಶದಲ್ಲಿ ಆ ಹುದ್ದೆಯಲ್ಲಿದ್ದ ಒಬ್ಬನೇ ಟುಟ್ಸಿ ಆತ. ಸರ್ಕಾರ ಆತನನ್ನು ಕಿತ್ತುಹಾಕಿತು. ಏಪ್ರಿಲ್ 19ರಂದು ಹಂಗಾಮಿ ಅಧ್ಯಕ್ಷ ಸಿಂಡಿಕುಬ್ವಾಬೊ ಖುದ್ದಾಗಿ ಬುಟಾರೆಗೆ ಬಂದು, ನಮಗೇಕೆ ಅಂತ ಸುಮ್ಮನೆ ಕೂತವರನ್ನು ಹಂಗಿಸಿ ಭಾಷಣ ಮಾಡಿದ. ಅದಾದ ಮೇಲೆ ಬುಟಾರೆಯಲ್ಲಿ ನಡೆದದ್ದು ಇಡೀ ದೇಶದ ಅತಿ ಭೀಕರ ಹತ್ಯೆಗಳಲ್ಲಿ ಒಂದು. ಆ ಅಧಿಕಾರಿಯನ್ನೂ ಬಿಡಲಿಲ್ಲ, ಕೊಂದರು. ತಾಬಾ ಎಂಬಲ್ಲಿಯ ಮೇಯರ್ ಅಕಾಯೆಸುವಿನದೂ ಹೆಚ್ಚುಕಡಿಮೆ ಇದೇ ಕಥೆ, ತಿರುವು ಮಾತ್ರ ಬೇರೆ: ಮೊದಲು ಗಲಭೆ ತಡೆದ, ಏಪ್ರಿಲ್ 18ರಂದು ಸರ್ಕಾರದವರ ಸಭೆಗೆ ಹೋಗಿ ಬಂದ, ಆಮೇಲೆ ತಾನೇ ಜನರನ್ನು ಎತ್ತಿಕಟ್ಟಿದ. ಕೊಂದವರು ಪಕ್ಕದ ಮನೆಯವರೇ, ಹೌದು. ಆದರೆ ಅವರ ಹಿಂದೆ ಹೆಸರುಗಳ ಪಟ್ಟಿ ಇತ್ತು, ಸತ್ತವರ ಜಮೀನು ದನ ನಿಮಗೇ ಅನ್ನುವ ಆಸೆ ಇತ್ತು, ಹೋಗದಿದ್ದರೆ ನಿನ್ನನ್ನೇ ಕೊಲ್ಲುತ್ತೇವೆ ಅನ್ನುವ ಬೆದರಿಕೆಯೂ ಇತ್ತು. ರಸ್ತೆ ತಡೆಗಳಲ್ಲಿ ಕೇಳುತ್ತಿದ್ದದ್ದು ಅದೇ ಚೀಟಿ.

ಸುಮಾರು ನೂರು ದಿನದಲ್ಲಿ ವಿಶ್ವಸಂಸ್ಥೆಯ ಲೆಕ್ಕದಂತೆ 8 ಲಕ್ಷ, ರುವಾಂಡ ಸರ್ಕಾರದ ಲೆಕ್ಕದಂತೆ 10 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥ ಡಲ್ಲೇರ್ ಹತ್ಯೆಯ ಸಿದ್ಧತೆ ನಡೆದಿದೆ ಅಂತ ಜನವರಿಯಲ್ಲೇ ಎಚ್ಚರಿಸಿದ್ದ. ಭದ್ರತಾ ಮಂಡಳಿ ಏಪ್ರಿಲ್ 21ರಂದು ಪಡೆಯನ್ನು 270 ಜನಕ್ಕೆ ಇಳಿಸಲು ತೀರ್ಮಾನಿಸಿತು. ಇದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ ನನಗೆ.

ಆಮೇಲೆ? ಜುಲೈನಲ್ಲಿ ಆರ್‌ಪಿಎಫ್ ಗೆದ್ದಿತು. ಜೈಲುಗಳಲ್ಲಿ ಲಕ್ಷಕ್ಕೂ ಹೆಚ್ಚು ಜನ, ನ್ಯಾಯಾಧೀಶರಲ್ಲಿ ಸತ್ತವರೇ ಬಹಳ, ಉಳಿದವರು ಬೆರಳೆಣಿಕೆಯಷ್ಟು. ಅರುಷಾದ ಅಂತಾರಾಷ್ಟ್ರೀಯ ನ್ಯಾಯಾಲಯ ದೊಡ್ಡವರನ್ನು ವಿಚಾರಿಸಿತು. 1998ರಲ್ಲಿ ಅಕಾಯೆಸುವಿಗೆ ಶಿಕ್ಷೆ ಆದಾಗ, ಅತ್ಯಾಚಾರವೂ ನರಮೇಧದ ಆಯುಧ ಆಗಬಹುದು ಅಂತ ಮೊದಲ ಸಲ ತೀರ್ಪು ಬಂತು. ಎರಡೂವರೆ ಲಕ್ಷ ಹೆಂಗಸರಾದರೂ ಅದಕ್ಕೆ ಗುರಿಯಾಗಿದ್ದರು ಅಂತ ವಿಶ್ವಸಂಸ್ಥೆಯ ಅಂದಾಜು. ಉಳಿದವರಿಗೆ ಗಚಾಚಾ, ಅಂದರೆ ಊರವರೇ ಆರಿಸಿದ, ಕಾನೂನು ಓದದ ಪಂಚರು ಹುಲ್ಲಿನ ಮೇಲೆ ಕೂತು ನಡೆಸಿದ ವಿಚಾರಣೆ. 2002ರಿಂದ 2012ರ ವರೆಗೆ ಸುಮಾರು 19 ಲಕ್ಷ ಮೊಕದ್ದಮೆಗಳು ಮುಗಿದವು. ತಪ್ಪೊಪ್ಪಿಕೊಂಡರೆ ಶಿಕ್ಷೆ ಕಡಿಮೆ. ಎಷ್ಟೋ ಹೆಂಗಸರಿಗೆ ಗಂಡನ, ಮಕ್ಕಳ ಮೂಳೆ ಎಲ್ಲಿದೆ ಅಂತ ಗೊತ್ತಾದದ್ದು ಅಲ್ಲೇ, ಕೊಂದವನ ಬಾಯಿಂದಲೇ. ಸುಳ್ಳು ದೂರುಗಳೂ ಬಂದವು, ಸಾಕ್ಷಿ ಹೇಳಲು ಬಂದವರನ್ನು ಹೆದರಿಸಿದ್ದೂ ಇದೆ. ಇಷ್ಟಾದರೂ ಅದು ಬೇಡವಿತ್ತು ಅನ್ನಲು ನನಗೆ ಬಾಯಿ ಬರುವುದಿಲ್ಲ. ಬೇರೆ ದಾರಿ ಏನಿತ್ತು ಹೇಳು, ಅವನೂ ಅವಳೂ ಮತ್ತೆ ಅದೇ ಗುಡ್ಡದ ಮೇಲೆ ಬಾಳಬೇಕಿತ್ತಲ್ಲ.

ಒಂದು ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆರ್‌ಪಿಎಫ್‌ನವರು ಕೊಂದ ಹುಟುಗಳ ವಿಚಾರ ಗಚಾಚಾದ ಮುಂದೆ ಬರಲೇ ಇಲ್ಲ. ಅದನ್ನು ನರಮೇಧದ ಜೊತೆ ತೂಗಿ ಸಮ ಮಾಡುವವರ ಜೊತೆ ನಾನಿಲ್ಲ. ಆದರೆ ಆ ಮನೆಗಳಲ್ಲೂ ಅಳುವವರಿದ್ದಾರೆ, ಅವರು ಬಹಿರಂಗವಾಗಿ ಅಳುವ ಹಾಗಿಲ್ಲ. ಈಗ ಚೀಟಿಯಲ್ಲಿ ಜನಾಂಗದ ಹೆಸರಿಲ್ಲ, ಅದು ಒಳ್ಳೆಯದೇ. ಆದರೆ ಜನಾಂಗದ ಬಗ್ಗೆ ಬಾಯಿಬಿಟ್ಟು ಮಾತಾಡುವುದೂ ಕಷ್ಟ, ಅದು ನನಗೆ ಸರಿ ಕಾಣುವುದಿಲ್ಲ. 1994ರಲ್ಲಿ ಗಡಿ ದಾಟಿ ಕಾಂಗೋದ ಗೋಮಾ ಊರಿನ ಕಡೆ ಓಡಿದ ಲಕ್ಷಾಂತರ ಹುಟುಗಳ ನಡುವೆ ಕೊಲೆಗಾರರೂ ಬಂದೂಕು ಸಮೇತ ಇದ್ದರು. ಅವರ ನೆಪದಲ್ಲಿ ಶುರುವಾದ ಕಾಂಗೋದ ಯುದ್ಧ ರೂಪ ಬದಲಿಸಿಕೊಂಡು ಇನ್ನೂ ನಡೆಯುತ್ತಿದೆ. 2025ರ ಜನವರಿಯಲ್ಲಿ ರುವಾಂಡದ ಬೆಂಬಲ ಇರುವ ಎಂ23 ಎಂಬ ಬಂಡುಕೋರ ಪಡೆ ಗೋಮಾವನ್ನೇ ಹಿಡಿಯಿತು. ಅದನ್ನೂ ಈಗಾಗಲೇ ಜನ ಹಳೇ ಬುಡಕಟ್ಟು ಜಗಳ ಅನ್ನತೊಡಗಿದ್ದಾರೆ. ನೀನಾದರೂ ಹಾಗನ್ನಬೇಡ ಮಾರಾಯಾ. ಒಪ್ಪದಿದ್ದರೆ ಬರೆ, ವಾದ ಮಾಡೋಣ.

ನಿನ್ನ ಗೆಳೆಯ