ಬೋರಲು ಹಾಕಿ ನೋಡಿದ ಸೈಕಲ್: ಗೆಳೆಯನಿಗೊಂದು ಬಹಿರಂಗ ಪತ್ರ

ಗೆಳೆಯಾ,

ಸೈಕಲ್ ಕೊಳ್ತೀನಿ ಅಂದಿದ್ದೆನಲ್ಲ, ಕೊಳ್ಳಲಿಲ್ಲ. ಆನ್‌ಲೈನಲ್ಲಿ ಮಾರಾಟಕ್ಕಿದ್ದ ಆ ನೀಲಿ ಸೈಕಲ್ ನೋಡೋಕೆ ನಿನ್ನೆ ಹೋಗಿದ್ದೆ. ಹೊಸದರ ಕಾಲು ಭಾಗ ಬೆಲೆ. ಆಗಲೇ ಮನಸ್ಸಿಗೆ ಚುರುಕ್ ಅಂದಿತ್ತು, ಆಸೆ ಜೋರಾಗಿತ್ತು, ಸುಮ್ಮನಿದ್ದೆ.

ಮಾರುವ ಹುಡುಗ ಮೆತ್ತಗಿನವನು, ಕುಳ್ಳ. ಯಾರದಪ್ಪಾ ಇದು ಅಂದರೆ ಮೊದಲು ‘ನಂದೇ’, ಆಮೇಲೆ ‘ಅಣ್ಣಂದು’. ರಸೀದಿ ಇಲ್ಲ. ನನ್ನ ಎತ್ತರಕ್ಕೆ ಸೀಟು ಏರಿಸೋಣ ಅಂತ ಕಂಬ ಎಳೆದೆ. ಗೇಣುದ್ದ ಬಂದಮೇಲೆ ಕಂಬದ ಸುತ್ತ ಉಂಗುರದಂಥ ಗುರುತು ಕಂಡಿತು. ಯಾರೋ ಉದ್ದನೆಯವರು ವರ್ಷಗಟ್ಟಲೆ ಅದೇ ಎತ್ತರದಲ್ಲಿ ಕೂತು ತುಳಿದಿದ್ದಾರೆ.

ಸೈಕಲ್ ಬೋರಲು ಹಾಕಿದೆ. ಪೆಡಲಿನ ಅಚ್ಚು ಹಾಯುವ ಕೊಳವೆಯ ಅಡಿಯಲ್ಲೇ ಸಾಮಾನ್ಯವಾಗಿ ಸೀರಿಯಲ್ ನಂಬರ್ ಕೊರೆದಿರುತ್ತಾರೆ. ಅಲ್ಲಿ ಅರ ಉಜ್ಜಿದ ಗೀರುಗಳು, ಮೇಲೆ ಕಪ್ಪು ಸ್ಪ್ರೇ. ಹೆಬ್ಬೆರಳು ಆಡಿಸಿದರೆ ಒಂದು ಅಂಕಿಯ ಅಂಚು ಇನ್ನೂ ತಗುಲುತ್ತಿತ್ತು. 3 ಇರಬಹುದು, 8 ಇರಬಹುದು. ಪೂರ್ತಿ ನಂಬರ್ ಸಿಕ್ಕಿದ್ದರೆ, 2013ರಲ್ಲಿ ಶುರುವಾದ ಬೈಕ್ ಇಂಡೆಕ್ಸ್‌ನಂಥ ಆನ್‌ಲೈನ್ ಸೈಕಲ್ ನೋಂದಣಿಯಲ್ಲಿ ಹಾಕಿ, ಕಳುವಾಗಿದೆ ಅಂತ ಯಾರಾದರೂ ಬರೆಸಿದ್ದಾರಾ ನೋಡಬಹುದಿತ್ತು. ಅದಕ್ಕೆ ಒಡೆಯರೂ ನಂಬರ್ ಬರೆದಿಟ್ಟುಕೊಂಡಿರಬೇಕು. ನೀನಂತೂ ಈಗಲೇ ಹೋಗಿ ನಿನ್ನದನ್ನು ಬರೆದಿಡು.

ಆ ಹುಡುಗನನ್ನು ಕಳ್ಳ ಅನ್ನಲಾರೆ. ಗೊತ್ತಿಲ್ಲದೆ ಅವನೇ ಬೇರೆಯವರಿಂದ ಕೊಂಡಿರಬಹುದು. ‘ಬೇಡಪ್ಪಾ’ ಅಂದು ಬಂದೆ. ಜಾಹೀರಾತು, ಫೋಟೋ ಮಾಯವಾಗುವ ಮುಂಚೆ ಉಳಿಸಿಕೊಂಡು ಠಾಣೆಗೆ ಕೊಟ್ಟೆ.

ಆದರೆ ಬೋರಲು ಹಾಕುವ ಮುಂಚೆ ಒಂದು ಕ್ಷಣ ಕೈ ತಡೆಯಿತು ಕಣೋ. ನೋಡದೇ ಕೊಂಡುಬಿಟ್ಟರೆ ನಂಗೇನೂ ಗೊತ್ತಿಲ್ಲ ಅನ್ನಬಹುದಲ್ಲ ಅನ್ನಿಸಿತು. ಆಗ ನನ್ನ ಕೈಯಲ್ಲಿದ್ದಾಗ ಕಳುವಾದ ನಿನ್ನ ಕೆಂಪು ಸೈಕಲ್ ಕಣ್ಣಮುಂದೆ ಬಂತು. ಬೀಗ ಹಾಕಿದ್ದೆ, ಯಾರೋ ಮುರಿದಿದ್ದಾರೆ ಅಂತ ಅವತ್ತು ಹೇಳಿದ್ದೆನಲ್ಲ? ಹಾಕಿರಲಿಲ್ಲ. ಬೀಗ, ಕೀಲಿ ಎರಡೂ ನನ್ನ ಚೀಲದಲ್ಲೇ ಇದ್ದವು. ಆಮೇಲೆ ನೀನು ನಡೆದು ಓಡಾಡಿದ ಅಷ್ಟೂ ತಿಂಗಳು ನಿನ್ನ ಪಕ್ಕದಲ್ಲೇ ನಡೆದೆ, ಬಾಯಿ ಬಿಡಲಿಲ್ಲ. ಇದನ್ನು ಇಷ್ಟು ಜನರೆದುರು ಬರೆಯಬೇಕು ಅಂತ ಕೂತವನಲ್ಲ. ಬರೆದಾಯಿತು, ಅಳಿಸೋದಿಲ್ಲ.

ಸರಿ, ಭಾನುವಾರ ಬರ್ತೀನಿ. ಬಾಗಿಲಲ್ಲಿ ಯಾರಾದರೂ ಕೆಮ್ಮಿದರೆ ನಾನೇ ಅಂತ ತಿಳ್ಕೋ. ಬೈಯೋದನ್ನೆಲ್ಲ ಬೈದು ಮುಗಿಸು. ಆಮೇಲೆ ನಿನ್ನ ಸೈಕಲ್ಲಲ್ಲೇ ಡಬಲ್ಸ್ ಹೋಗೋಣ. ಏರಿನಲ್ಲಿ ತುಳಿಯೋ ಸರದಿ ಇನ್ನೂ ನಂದೇ ಬಾಕಿ ಇದೆ.

ನಿನ್ನವ