ಕಡಲ ಕೆಸರಿನಲ್ಲಿದೆ ಹಳೆಯ ಗಾಳಿಯ ಲೆಕ್ಕ

ಮಾನ್ಯ ಸಂಪಾದಕರೇ,

ಮೊನ್ನೆ ಅಂಕೋಲಾದ ಮದುವೆ ಮನೆಯೊಂದರಲ್ಲಿ ಊಟಕ್ಕೆ ಕೂತಾಗ ಸೆಖೆಯ ಮಾತು ಬಂತು. ಪಕ್ಕದವರು, ‘ಇಂಗಾಲ ಹಿಂದೆಯೂ ಹೆಚ್ಚೇ ಇತ್ತಂತೆ ಮಾಸ್ತರೇ. ಲಕ್ಷಾಂತರ ವರ್ಷದ ಹಿಂದಿನದನ್ನು ಅಳೆದವರು ಯಾರು? ಎಲ್ಲ ಬರೀ ಅಂದಾಜು’ ಎಂದರು. ಪಂಕ್ತಿಯಲ್ಲಿ ವಾದ ಬೇಡವೆಂದು ಸುಮ್ಮನಾದೆ. ಆದರೆ ಮನಸ್ಸು ಕೇಳಲಿಲ್ಲ.

ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಗಾಳಿಯ ಇಂಗಾಲವನ್ನು, ಅಂದರೆ ಇಂಗಾಲದ ಡೈಆಕ್ಸೈಡನ್ನು, ನಿರಂತರವಾಗಿ ಅಳೆಯತೊಡಗಿದ್ದು 1958ರಲ್ಲಿ. ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳು 8 ಲಕ್ಷ ವರ್ಷಗಳ ಲೆಕ್ಕ ಕೊಡುತ್ತವೆ. ಅದಕ್ಕೂ ಬಹಳ ಹಿಂದಕ್ಕೆ ಹೋಗಲು ಆಳ ಸಮುದ್ರದ ಕೆಸರು ಬೇಕು. ಅದರಲ್ಲಿ ಫೋರಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪುಗಳಿರುತ್ತವೆ.

ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಬೇಲೇಕೇರಿಯ ಹುಡುಗನೊಬ್ಬ ಅಪ್ಪನ ಬಲೆಗೆ ಅಂಟಿದ ಕೆಸರನ್ನು ಬಾಟಲಿಯಲ್ಲಿ ತಂದಿದ್ದ. ತೆಳುಬಟ್ಟೆಯಲ್ಲಿ ತೊಳೆದು ಒಣಗಿಸಿ ಸೂಕ್ಷ್ಮದರ್ಶಕದಡಿ ಇಟ್ಟೆವು. ಮರಳಿನ ನಡುವೆ ಸುರುಳಿ ಸುತ್ತಿದ ಬಿಳಿ ಚಿಪ್ಪು! ಸಾಸಿವೆಗಿಂತ ಎಷ್ಟೋ ಸಣ್ಣದು, ಒಂದೊಂದು ಕೋಣೆಯೂ ಹಿಂದಿನದಕ್ಕಿಂತ ತುಸು ದೊಡ್ಡದು. ನಮ್ಮ ಬಳಚಿನ ಚಿಪ್ಪಿನಲ್ಲಿರುವಂಥದೇ ಸುಣ್ಣ.

ಕಡಲ ನೀರಿನಲ್ಲಿರುವ ಬೋರಾನ್ ಎಂಬ ಮೂಲಧಾತು ಬೋರಿಕ್ ಆಮ್ಲ, ಬೋರೇಟ್ ಎಂಬ ಎರಡು ರೂಪಗಳಲ್ಲಿರುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚು ಕರಗಿ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ, ಇಳಿದಷ್ಟೂ ಆಮ್ಲತೆ ಹೆಚ್ಚು) ಇಳಿದರೆ ಬೋರೇಟಿನ ಪಾಲು ತಗ್ಗುತ್ತದೆ, ಅದರೊಳಗಿನ ಬೋರಾನ್ 10 ಮತ್ತು 11 ಎಂಬ ಹಗುರ, ಭಾರ ಪರಮಾಣುಗಳ ಪ್ರಮಾಣವೂ ಬದಲಾಗುತ್ತದೆ. ಚಿಪ್ಪಿಗೆ ಸೇರುವುದು ಮುಖ್ಯವಾಗಿ ಈ ಬೋರೇಟ್. ಹೀಗಾಗಿ ಮೇಲ್ನೀರಿನಲ್ಲಿ ತೇಲಿ ಬದುಕಿ, ಸತ್ತು ತಳ ಸೇರಿದ ಜೀವಿಯ ಚಿಪ್ಪಿನಿಂದ ಅಂದಿನ ಪಿಎಚ್, ಅದರಿಂದ ಅಂದಿನ ಗಾಳಿಯ ಇಂಗಾಲ ಸಿಗುತ್ತದೆ. ನಮ್ಮ ದಡದ ಕೆಸರು ಇದಕ್ಕೆ ಆಗದು. ಕಾಳಿ, ಗಂಗಾವಳಿಯ ಸಿಹಿನೀರು ಬೆರೆತು ಲೆಕ್ಕ ಕೆಡುತ್ತದೆ.

ಪಿಎಚ್‌ನಿಂದ ಇಂಗಾಲದ ಲೆಕ್ಕ ಹಾಕಲು ಹಳೆಯ ಕಡಲಿನ ಕ್ಷಾರಗುಣವನ್ನು ಊಹಿಸಲೇಬೇಕು, ಅದಕ್ಕೇ ವಿಜ್ಞಾನಿಗಳು ಇಷ್ಟರಿಂದ ಇಷ್ಟರೊಳಗೆ ಎಂದೇ ಹೇಳುತ್ತಾರೆ. ಪಾಚಿಗಳು ಬಿಟ್ಟುಹೋದ ಆಲ್ಕಿನೋನ್ ಎಂಬ ಜಿಡ್ಡಿನಿಂದ ಬೇರೆಯೇ ಲೆಕ್ಕ ಹಾಕಿ ತಾಳೆ ನೋಡುತ್ತಾರೆ. ಹಿಮದ ದಾಖಲೆ ಇರುವ ಕಾಲದ ಚಿಪ್ಪುಗಳನ್ನು ಅದರೆದುರು ಒರೆಗೆ ಹಚ್ಚುತ್ತಾರೆ.

ಪಕ್ಕದವರು ಹೇಳಿದ್ದರಲ್ಲಿ ಅರ್ಧ ನಿಜ. 5 ಕೋಟಿ ವರ್ಷಗಳ ಹಿಂದೆ ಇಂಗಾಲದ ಡೈಆಕ್ಸೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಷ್ಟು ಭಾಗ) ದಾಟಿತ್ತು, 30 ಲಕ್ಷ ವರ್ಷಗಳ ಹಿಂದೆ 400ರ ಆಸುಪಾಸಿನಲ್ಲಿತ್ತು. ಆಗ ನಮ್ಮಂಥ ಮನುಷ್ಯರಿರಲಿಲ್ಲ, ಗದ್ದೆ ಬೇಸಾಯವಿರಲಿಲ್ಲ. ಕೈಗಾರಿಕೆಗಳ ಮೊದಲು 280 ಇದ್ದದ್ದು ಈಗ 420 ದಾಟಿದೆ.

ಕರಾವಳಿಯ ವಿಜ್ಞಾನ ಶಿಕ್ಷಕರಲ್ಲಿ ನನ್ನದೊಂದು ವಿನಂತಿ: ಕಪಾಟಿನಲ್ಲಿರುವ ಸೂಕ್ಷ್ಮದರ್ಶಕವನ್ನು ಹೊರಗೆ ತೆಗೆಯಿರಿ. ಬಂದರಿನ ಕಡೆಯಿಂದ ಬರುವ ಮಕ್ಕಳಿಗೆ ಒಂದು ಬಾಟಲಿ ಕೆಸರು ತರಲು ಹೇಳಿ.

– ನಿವೃತ್ತ ವಿಜ್ಞಾನ ಶಿಕ್ಷಕ, ಅಂಕೋಲಾ